ಹಳೆ ಎಸ್‌ಯುವಿ: ಆಟೋಮ್ಯಾಟಿಕ್‌ನ ಆಯಿಲ್ ಖರ್ಚೋ, ಮ್ಯಾನುವಲ್‌ನ ಕ್ಲಚ್ ಖರ್ಚೋ?

ಒಂದೇ ಮಾಡೆಲ್‌ನ ಎರಡು ಎಸ್‌ಯುವಿ ನಿಮ್ಮ ಮುಂದಿವೆ ಅಂದುಕೊಳ್ಳಿ. ಎರಡಕ್ಕೂ ಹತ್ತು ಹನ್ನೆರಡು ವರ್ಷ. ಎರಡೂ ಒಂದೂವರೆ ಲಕ್ಷ ಕಿಲೋಮೀಟರ್ ಹತ್ತಿರ ಓಡಿವೆ. ಒಂದು ಆಟೋಮ್ಯಾಟಿಕ್. ಅದರ ಮಾಲೀಕ "ಇದಕ್ಕೆ ಕ್ಲಚ್ಚೇ ಇಲ್ಲ, ಆ ತಲೆನೋವೇ ಇಲ್ಲ" ಅನ್ನುತ್ತಾನೆ. ಇನ್ನೊಂದು ಮ್ಯಾನುವಲ್. ಅದರ ಮಾಲೀಕ "ಕ್ಲಚ್ ಇನ್ನೂ ಕಂಪನಿದೇ, ಒಂದು ಸಲವೂ ಬಿಚ್ಚಿಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಾನೆ.

ಮೊದಲನೆಯವನ ಮಾತು ನಿಜವಲ್ಲ. ಆಟೋಮ್ಯಾಟಿಕ್‌ನೊಳಗೂ ಕ್ಲಚ್ ಇದೆ. ಒಂದಲ್ಲ, ಕ್ಲಚ್ ಪ್ಲೇಟ್‌ಗಳ ನಾಲ್ಕೈದು ಕಟ್ಟು ಇರುತ್ತವೆ, ಎಲ್ಲವೂ ಆಯಿಲ್‌ನಲ್ಲಿ ಮುಳುಗಿ ಕೆಲಸ ಮಾಡುತ್ತವೆ. ಎರಡನೆಯವನ ಮಾತು ನಿಜ. ಆದರೆ ಅದರರ್ಥ ಮುಂದಿನ ಕ್ಲಚ್ಚಿನ ಖರ್ಚು ನಿಮ್ಮ ತಲೆಗೆ ಅಂತ.

ನಾನು ಎರಡೂ ಥರದ ಹಳೆ ಗಾಡಿ ಇಟ್ಟುಕೊಂಡಿದ್ದವನು. ಈ ಎರಡು ಖರ್ಚನ್ನು ಪಕ್ಕಪಕ್ಕ ಇಟ್ಟು ತೂಗುವವರು ಸಾಮಾನ್ಯವಾಗಿ ಒಂದು ವ್ಯತ್ಯಾಸ ಮರೆಯುತ್ತಾರೆ. ಕ್ಲಚ್ ಸೆಟ್ ಹೊಸದು ಹಾಕಿದರೆ ಅದರ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ಆಟೋಮ್ಯಾಟಿಕ್‌ನ ಆಯಿಲ್ ಬದಲಿಸಿದರೆ ಹಾಗಾಗುವುದಿಲ್ಲ. ಒಳಗೆ ಸವೆದದ್ದು ಸವೆದೇ ಇರುತ್ತದೆ, ಇನ್ನು ಮುಂದೆ ಸವೆಯುವುದು ನಿಧಾನವಾಗುತ್ತದೆ ಅಷ್ಟೇ. ಒಂದು ರಿಪೇರಿ, ಇನ್ನೊಂದು ಆರೈಕೆ. ಹಾಗಾಗಿ ಮ್ಯಾನುವಲ್ ಗಾಡಿಯನ್ನು ಅದರ ಇವತ್ತಿನ ಸ್ಥಿತಿ ನೋಡಿ ಕೊಳ್ಳಬಹುದು. ಆಟೋಮ್ಯಾಟಿಕ್ ಗಾಡಿಯನ್ನು ಅದರ ಹಿಂದಿನ ಚರಿತ್ರೆ ನೋಡಿಯೇ ಕೊಳ್ಳಬೇಕು.

ಮೊದಲು ಯಾವ ಆಟೋಮ್ಯಾಟಿಕ್ ಅಂತ ತಿಳಿದುಕೊಳ್ಳಿ

ಎರಡು ಪೆಡಲ್ ಇದ್ದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಎಎಂಟಿ ಅಂದರೆ ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸ್, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಅದರಲ್ಲೂ ಕ್ಲಚ್ ಪ್ಲೇಟ್ ಸವೆಯುತ್ತದೆ, ಅದನ್ನೂ ಬದಲಿಸಬೇಕು. ಡಿಸಿಟಿಯಲ್ಲಿ ಎರಡು ಕ್ಲಚ್ ಇರುತ್ತವೆ. ಒಣ ಕ್ಲಚ್ಚಿನದಾದರೆ ಪ್ಲೇಟ್ ಖರ್ಚು, ಆಯಿಲ್‌ನಲ್ಲಿ ಮುಳುಗಿದ್ದಾದರೆ ಆಯಿಲ್ ಖರ್ಚು. ಸಿವಿಟಿಯಲ್ಲಿ ಗೇರುಗಳ ಬದಲು ಬೆಲ್ಟೋ ಚೈನೋ ಇರುತ್ತದೆ, ಅದರ ಆಯಿಲ್ಲೇ ಬೇರೆ. ಹಳೆ, ದೊಡ್ಡ ಎಸ್‌ಯುವಿಗಳಲ್ಲಿ ಜಾಸ್ತಿ ಸಿಗುವುದು ಟಾರ್ಕ್ ಕನ್ವರ್ಟರ್ (ಎಂಜಿನ್‌ನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಹಳೇ ಶೈಲಿಯ ಆಟೋಮ್ಯಾಟಿಕ್. ಇಲ್ಲಿ ಹೇಳುತ್ತಿರುವುದು ಅದರ ವಿಷಯ.

ಆ ಕೆಂಪು ಆಯಿಲ್

ಎಂಜಿನ್ ಆಯಿಲ್‌ಗೆ ಮುಖ್ಯವಾಗಿ ಒಂದೇ ಕೆಲಸ, ಉಜ್ಜಾಟ ತಪ್ಪಿಸುವುದು. ಎಟಿಎಫ್‌ಗೆ, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್‌ಗೆ, ಹಾಗಲ್ಲ. ಬೇರಿಂಗು, ಗೇರುಗಳಿಗೆ ಅದು ಜಾರಬೇಕು. ಅದೇ ಆಯಿಲ್ ಒಳಗಿನ ಕ್ಲಚ್ ಕಟ್ಟುಗಳಿಗೆ ಹಿಡಿತ ಕೊಡಬೇಕು. ಎಂಜಿನ್‌ನ ಶಕ್ತಿಯನ್ನು ಟಾರ್ಕ್ ಕನ್ವರ್ಟರ್ ಮೂಲಕ ದಾಟಿಸುವುದೂ ಅದೇ, ವಾಲ್ವ್ ಬಾಡಿಯೊಳಗೆ ಒತ್ತಡವಾಗಿ ಹರಿದು ಗೇರ್ ಬದಲಿಸುವುದೂ ಅದೇ, ಬಿಸಿಯನ್ನು ಹೊತ್ತು ಕೂಲರ್‌ಗೆ ಸಾಗಿಸುವುದೂ ಅದೇ. ಜಾರಬೇಕು, ಹಿಡಿಯಲೂ ಬೇಕು. ಈ ಹದ ಕೂಡಿಸುವುದು ಎಷ್ಟು ಕಷ್ಟ ಅಂದರೆ, 1970ರ ದಶಕದ ಆರಂಭದವರೆಗೆ ಎಟಿಎಫ್‌ಗೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಅಮೆರಿಕದಲ್ಲಿ ಅದಕ್ಕೆ ನಿಷೇಧ ಬಿದ್ದ ಮೇಲೆ ಬದಲಿ ಹುಡುಕಲು ಪರದಾಡಿದರು.

ಈ ಹದ ಕೆಡುವುದು ಬಿಸಿಯಿಂದ. ಟ್ರಾಫಿಕ್‌ನಲ್ಲಿ ತೆವಳುವುದು, ಟ್ರೇಲರ್ ಎಳೆಯುವುದು, ಮರಳಿನಲ್ಲಿ ಕೆಸರಿನಲ್ಲಿ ಒದ್ದಾಡುವುದು, ಉದ್ದನೆಯ ಏರು ಹತ್ತುವುದು, ಇಲ್ಲೆಲ್ಲ ಟಾರ್ಕ್ ಕನ್ವರ್ಟರ್ ಆಯಿಲ್ಲನ್ನು ಕಡೆದು ಕಾಯಿಸುತ್ತದೆ. ಎಸ್‌ಯುವಿ ಕೊಳ್ಳುವುದೇ ಇಂಥ ಕೆಲಸಕ್ಕೆ, ಅಲ್ವಾ?

"ಇದು ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ" ಅಂತ ಎಷ್ಟೋ ಗಾಡಿಗಳ ಪುಸ್ತಕದಲ್ಲಿ ಬರೆದಿರುತ್ತದೆ. ಯಾರ ಲೈಫ್ ಅಂತ ಬರೆದಿರುವುದಿಲ್ಲ. ಬಿಎಂಡಬ್ಲ್ಯೂ ಎಕ್ಸ್5, ಲ್ಯಾಂಡ್ ರೋವರ್ ಡಿಸ್ಕವರಿಯಂಥ ಗಾಡಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಟ್ಟ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೆ, ಇಲ್ಲವೇ ಹೆಚ್ಚೆಂದರೆ 8 ವರ್ಷಕ್ಕೆ ಆಯಿಲ್ ಬದಲಿಸಿ ಅನ್ನುತ್ತದೆ. ಗೇರ್‌ಬಾಕ್ಸ್ ಮಾಡಿದವರ ಮಾತು ನಂಬುವುದೋ, ಅದನ್ನು ಗಾಡಿಯೊಳಗೆ ಕೂರಿಸಿ ಮಾರಿದವರ ಮಾತೋ? ನಾನಂತೂ ಮಾಡಿದವರ ಮಾತನ್ನೇ ನಂಬುತ್ತೇನೆ. ಭಾರ ಎಳೆಯುವ ಗಾಡಿಯಾದರೆ ಅದಕ್ಕೂ ಮೊದಲೇ ಬದಲಿಸುತ್ತೇನೆ.

ಈ ಕೆಲಸದಲ್ಲಿ ಎಡವುವ ಜಾಗ ನಾಲ್ಕಿವೆ.

ಒಂದು, ಆಯಿಲ್‌ನ ಜಾತಿ. ಟೊಯೋಟಾದ ಡಬ್ಲ್ಯೂಎಸ್, ಹೋಂಡಾದ ಡಿಡಬ್ಲ್ಯೂ-1, ಜನರಲ್ ಮೋಟಾರ್ಸ್‌ನ ಡೆಕ್ಸ್‌ರಾನ್, ಫೋರ್ಡ್‌ನ ಮರ್ಕಾನ್, ಒಂದರ ಜಾಗಕ್ಕೆ ಇನ್ನೊಂದು ಸಾಮಾನ್ಯವಾಗಿ ನಡೆಯುವುದಿಲ್ಲ. "ಎಲ್ಲದಕ್ಕೂ ಆಗುತ್ತೆ" ಅನ್ನುವ ಡಬ್ಬಿ ತೋರಿಸಿದರೆ, ಅದರ ಮೇಲೆ ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಹೆಸರೇ ಇದೆಯಾ ನೋಡಿ. ಇಲ್ಲದಿದ್ದರೆ ಬೇಡ.

ಎರಡು, ಎಷ್ಟು ಇಳಿಯುತ್ತದೆ ಅನ್ನುವುದು. ಡ್ರೈನ್ ಪ್ಲಗ್ ಬಿಚ್ಚಿದರೆ ಎಲ್ಲ ಆಯಿಲ್ ಬರುವುದಿಲ್ಲ. ಟಾರ್ಕ್ ಕನ್ವರ್ಟರ್‌ನಲ್ಲಿ, ಕೂಲರ್ ಪೈಪುಗಳಲ್ಲಿ ಸಾಕಷ್ಟು ಉಳಿಯುತ್ತದೆ. ಒಟ್ಟು 10 ಲೀಟರ್ ಹಿಡಿಯುವ ಗೇರ್‌ಬಾಕ್ಸ್‌ನಿಂದ ಒಂದು ಸಲಕ್ಕೆ 4 ಲೀಟರ್ ಇಳಿಯಿತು ಅನ್ನಿ. ಮೊದಲ ಸಲ ಹೊಸ ಆಯಿಲ್ ಶೇಕಡಾ 40. ಎರಡನೇ ಸಲಕ್ಕೆ 64. ಮೂರನೇ ಸಲಕ್ಕೆ 78. ಹಾಗಾಗಿ ಕೆಲವು ನೂರು ಕಿಲೋಮೀಟರ್ ಬಿಟ್ಟು ಬಿಟ್ಟು ಎರಡು ಮೂರು ಸಲ ಮಾಡಿಸಿದರೆ ನಿಜಕ್ಕೂ ಬದಲಿಸಿದ ಹಾಗೆ. ಬಿಲ್‌ನಲ್ಲಿ "ಎಟಿಎಫ್ ಚೇಂಜ್" ಅಂತ ಒಂದು ಸಾಲು ಇದ್ದರೆ ಎಷ್ಟು ಲೀಟರ್ ಹಾಕಿದ್ದಾರೆ ನೋಡಿ, ವಿಷಯ ಗೊತ್ತಾಗುತ್ತದೆ.

ಮೂರು, ಮಟ್ಟ. ಹೊಸ ತಲೆಮಾರಿನ ಎಷ್ಟೋ ಗೇರ್‌ಬಾಕ್ಸ್‌ಗಳಿಗೆ ಡಿಪ್‌ಸ್ಟಿಕ್ ಇಲ್ಲ. ಎಂಜಿನ್ ಓಡುತ್ತಿರುವಾಗ, ಆಯಿಲ್ ಒಂದು ಗೊತ್ತಾದ ಬಿಸಿಯಲ್ಲಿದ್ದಾಗ, ತುಂಬುವ ತೂತಿನಿಂದ ಸಣ್ಣಗೆ ಹೊರಗೆ ಜಿನುಗಿದರೆ ಮಟ್ಟ ಸರಿ. ಝಡ್‌ಎಫ್‌ನ ಆರು ಗೇರಿನದಕ್ಕೆ ಆ ಬಿಸಿ 30ರಿಂದ 50 ಡಿಗ್ರಿ. ಸ್ಕ್ಯಾನರ್ ಹಾಕಿ ಬಿಸಿ ನೋಡದೆ "ಅಂದಾಜಿಗೆ ತುಂಬಿದೆ ಸಾರ್" ಅನ್ನುವ ಕಡೆ ಈ ಕೆಲಸ ಕೊಡಬೇಡಿ.

ನಾಲ್ಕನೆಯದು ಸಣ್ಣದು, ಆದರೆ ಇದರಿಂದ ಗಾಡಿ ಗ್ಯಾರೇಜಿನಲ್ಲೇ ಸಿಕ್ಕಿಹಾಕಿಕೊಂಡಿದ್ದನ್ನು ಕಂಡಿದ್ದೇನೆ. ಡ್ರೈನ್ ಪ್ಲಗ್‌ಗೆ ಕೈ ಹಾಕುವ ಮೊದಲು ತುಂಬುವ ಪ್ಲಗ್ ಬಿಚ್ಚಿ ನೋಡಬೇಕು. ಹತ್ತು ವರ್ಷ ಬಿಗಿದುಕೊಂಡ ಪ್ಲಗ್ ತಲೆ ಸವೆದು ಸುತ್ತಿಬಿಟ್ಟರೆ, ಆಯಿಲ್ ಇಳಿಸಿಯಾಗಿದೆ, ತುಂಬುವುದಕ್ಕೆ ದಾರಿ ಇಲ್ಲ!

ಪ್ಯಾನ್, ಅಂದರೆ ಗೇರ್‌ಬಾಕ್ಸ್ ತಳದ ಆಯಿಲ್ ತಟ್ಟೆ, ಬಿಚ್ಚಿಸುವುದಾದರೆ ಪಕ್ಕದಲ್ಲೇ ನಿಂತು ನೋಡಿ. ತಳದಲ್ಲಿ ಎರಡೋ ನಾಲ್ಕೋ ಮ್ಯಾಗ್ನೆಟ್ ಇರುತ್ತವೆ. ಅವುಗಳ ಮೇಲೆ ಬೂದುಬಣ್ಣದ ಮೆತ್ತಗಿನ ಲೇಪ ಕೂತಿರುತ್ತದೆ, ಒದ್ದೆ ವಿಭೂತಿಯ ಹಾಗೆ. ಬೆರಳಲ್ಲಿ ತೀಡಿದರೆ ನುಣ್ಣಗಿರಬೇಕು. ಅದು ಲಕ್ಷ ಕಿಲೋಮೀಟರಿನ ಸಹಜ ಸವೆತ, ಹೆದರಬೇಕಿಲ್ಲ. ತೀಡುವಾಗ ಚುಚ್ಚಿದರೆ, ಸೂಜಿಯಂಥ ಚೂರು ಕಂಡರೆ ಗೇರೋ ಬೇರಿಂಗೋ ಒಡೆಯುತ್ತಿದೆ. ಹಿತ್ತಾಳೆ ಬಣ್ಣದ ಮಿಂಚು ಕಂಡರೆ ಬುಷ್ ಸವೆದಿದೆ. ಮ್ಯಾಗ್ನೆಟ್‌ಗೆ ಅಂಟದೆ ಪ್ಯಾನ್ ತಳದಲ್ಲಿ ಕಪ್ಪು ಹುಡಿ ರಾಶಿ ಬಿದ್ದಿದ್ದರೆ ಅದು ಕ್ಲಚ್ ಕಟ್ಟುಗಳಿಗೆ ಹಿಡಿತ ಕೊಡುವ ಲೈನಿಂಗ್. ಇಷ್ಟು ನೋಡಿಬಿಟ್ಟರೆ ಗೇರ್‌ಬಾಕ್ಸ್‌ನ ಆರೋಗ್ಯ ಅರ್ಧ ತಿಳಿದ ಹಾಗೆ. ಫಿಲ್ಟರ್ ಕೂಡ ಈಗಲೇ ಬದಲಿಸಿ. ಕೆಲವು ಗಾಡಿಗಳಲ್ಲಿ ಪ್ಯಾನ್ ಪ್ಲಾಸ್ಟಿಕ್ಕಿನದು, ಫಿಲ್ಟರ್ ಅದರೊಳಗೇ ಸೇರಿರುತ್ತದೆ. ಆಗ ಇಡೀ ಪ್ಯಾನ್ ಕೊಳ್ಳಬೇಕು.

ಇನ್ನು "ಹಳೆ ಗೇರ್‌ಬಾಕ್ಸ್‌ಗೆ ಹೊಸ ಆಯಿಲ್ ಹಾಕಿದರೆ ಸತ್ತೇಹೋಗುತ್ತದೆ" ಅನ್ನುವ ಮಾತು. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹೆಚ್ಚಿನವರು ಆಯಿಲ್ ನೆನಪು ಮಾಡಿಕೊಳ್ಳುವುದು ಗೇರ್ ಸ್ಲಿಪ್ ಆಗಲು, ಅಂದರೆ ಹಿಡಿಯದೆ ಜಾರಲು, ಶುರುವಾದ ಮೇಲೆ. ಆ ಹೊತ್ತಿಗೆ ಲೈನಿಂಗ್ ಹೋಗಿರುತ್ತದೆ. ಆಮೇಲೆ ಬಿದ್ದ ಗೇರ್‌ಬಾಕ್ಸ್‌ಗೆ ಆಯಿಲ್ ಮೇಲೆ ಆಪಾದನೆ. ನನ್ನ ನಿಯಮ ಇದು. ಗೇರ್ ಚೆನ್ನಾಗಿ ಬೀಳುತ್ತಿದ್ದರೆ, ಆಯಿಲ್ ಎಷ್ಟೇ ಹಳೆಯದಿರಲಿ, ಪ್ಲಗ್‌ನಿಂದ ಇಳಿಸಿ ತುಂಬಿಸಿ. ಯಂತ್ರ ಹಚ್ಚಿ ಒತ್ತಡದಲ್ಲಿ ತೊಳೆಯುವ ಫ್ಲಶ್ ಬೇಡ. ಆಗಲೇ ಸ್ಲಿಪ್ ಆಗುತ್ತಿದ್ದರೆ ಆಯಿಲ್‌ಗೆ ದುಡ್ಡು ಸುರಿಯಬೇಡಿ, ಮೊದಲು ಸ್ಕ್ಯಾನ್ ಮಾಡಿಸಿ. ಸೊಲೆನಾಯ್ಡ್ (ಆಯಿಲ್ ಹರಿವು ನಿಯಂತ್ರಿಸುವ ವಿದ್ಯುತ್ ವಾಲ್ವ್) ಅಥವಾ ವಾಲ್ವ್ ಬಾಡಿಯ ತೊಂದರೆಯಾದರೆ ಗೇರ್‌ಬಾಕ್ಸ್ ಇಳಿಸದೆಯೇ ಸರಿಹೋಗುವುದುಂಟು.

ಕ್ಲಚ್ಚಿನ ಕಡೆ ಬಂದರೆ

ಕ್ಲಚ್ ಪ್ಲೇಟ್ ಚಪ್ಪಲಿ ಇದ್ದ ಹಾಗೆ. ನಡೆದಷ್ಟೂ ಸವೆಯುತ್ತದೆ, ಎಳೆದುಕೊಂಡು ನಡೆದರೆ ಬೇಗ ಸವೆಯುತ್ತದೆ. ಒಬ್ಬರ ಕೈಯಲ್ಲಿ ಒಂದೂವರೆ ಲಕ್ಷ ಕಿಲೋಮೀಟರ್ ಬಂದ ಪ್ಲೇಟು ಇನ್ನೊಬ್ಬರ ಕಾಲಲ್ಲಿ 40,000ಕ್ಕೆ ಮುಗಿಯುತ್ತದೆ. ಏರಿನಲ್ಲಿ ಬ್ರೇಕ್ ಬಿಟ್ಟು ಹಾಫ್ ಕ್ಲಚ್‌ನಲ್ಲಿ ಗಾಡಿ ನಿಲ್ಲಿಸಿಕೊಳ್ಳುವುದು, ಸುಮ್ನೆ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದು, ಟ್ರೇಲರ್ ಹಿಂದಕ್ಕೆ ತಳ್ಳುವುದು, ಇವೇ ಮೂರು ಅದರ ಶತ್ರುಗಳು.

ಕ್ಲಚ್ಚಿನ ಒಳ್ಳೆಯ ಗುಣ ಏನೆಂದರೆ ಹೋಗುವ ಮೊದಲು ಹೇಳಿಯೇ ಹೋಗುತ್ತದೆ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 50ರ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು, ವೇಗದ ಮುಳ್ಳು ಎರಡೂ ಜೊತೆಜೊತೆಗೆ ಏರಬೇಕು. ಆರ್‌ಪಿಎಂ ಜಿಗಿದು ವೇಗ ಅಲ್ಲೇ ಉಳಿದರೆ ಪ್ಲೇಟ್ ಮುಗಿದಿದೆ. ಒಂದು ಸಲ ಸಾಕು, ಮತ್ತೆ ಮತ್ತೆ ಮಾಡಿದರೆ ಉಳಿದದ್ದೂ ಸುಟ್ಟುಹೋಗುತ್ತದೆ. ಪೆಡಲ್ ಒತ್ತಿದಾಗ ಮಾತ್ರ ಕೀಚಲು ಸದ್ದು ಬಂದರೆ ಅದು ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಇದ್ದ ಸದ್ದು ಒತ್ತಿದಾಗ ನಿಂತರೆ ಅದು ಗೇರ್‌ಬಾಕ್ಸ್‌ನ ಬೇರಿಂಗ್. ಅದು ಬೇರೆ ಕಥೆ, ಜಾಸ್ತಿ ಖರ್ಚಿನದು.

ಗೇರ್ ಬೀಳುತ್ತಿಲ್ಲ ಅಂದಕೂಡಲೇ ಕ್ಲಚ್ ಹೋಯಿತು ಅನ್ನಬೇಡಿ. ಪೆಡಲ್ ಸಡಿಲಾಗಿ ತಳಕ್ಕೆ ಹೋಗುತ್ತಿದೆಯಾ? ನಾಲ್ಕೈದು ಸಲ ಒತ್ತಿ ಬಿಟ್ಟರೆ ಸರಿಹೋಗುತ್ತದಾ? ಹಾಗಾದರೆ ಪೆಡಲ್‌ನ ಒತ್ತಡವನ್ನು ಕ್ಲಚ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರೋ ಸ್ಲೇವ್ ಸಿಲಿಂಡರೋ ಸೋರುತ್ತಿರಬಹುದು, ಇಲ್ಲವೇ ಪೈಪಿನಲ್ಲಿ ಗಾಳಿ ಸೇರಿರಬಹುದು. ಸ್ಲೇವ್ ಸಿಲಿಂಡರ್ ಹೊರಗಿದ್ದರೆ ಇದು ಸಣ್ಣ ಕೆಲಸ. ಗೇರ್‌ಬಾಕ್ಸ್‌ನೊಳಗೇ ಕೂತಿದ್ದರೆ ಮಾತ್ರ ಮತ್ತೆ ಎಲ್ಲ ಬಿಚ್ಚಬೇಕು.

ಆ "ಎಲ್ಲ ಬಿಚ್ಚುವುದು" ಅನ್ನುವುದರಲ್ಲೇ ಕ್ಲಚ್ಚಿನ ಖರ್ಚು ಅಡಗಿರುವುದು. ಪ್ಲೇಟ್ ಇರುವುದು ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ. ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಹಿಂದಿನ ಎರಡೂ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸನ್ನೂ ಸೇರಿಸಿಯೇ ಇಳಿಸಬೇಕು. ಟೂ ವೀಲ್ ಡ್ರೈವ್ ಗಾಡಿಯ ಕೂಲಿ ಕೇಳಿಕೊಂಡು ಬಂದು ಲೆಕ್ಕ ಹಾಕಿದರೆ ತಪ್ಪುತ್ತದೆ.

ಇಲ್ಲಿ ನಾನು ಮಾಡಿಕೊಂಡ ತಪ್ಪು ಹೇಳಿಬಿಡುತ್ತೇನೆ. ನನ್ನ ಗಾಡಿಯ ಕ್ಲಚ್ ಬದಲಿಸುವಾಗ ಮೆಕ್ಯಾನಿಕ್ "ಪ್ಲೇಟ್ ಮಾತ್ರ ಹೋಗಿದೆ, ಬೇರಿಂಗ್ ಇನ್ನೂ ಚೆನ್ನಾಗಿದೆ" ಅಂದ. ನನಗೂ ಉಳಿತಾಯ ಅನ್ನಿಸಿತು. ಐದು ತಿಂಗಳಿಗೆ ಪೆಡಲ್ ಒತ್ತಿದಾಗಲೆಲ್ಲ ಬೇರಿಂಗ್ ಕಿರುಚತೊಡಗಿತು. ಬೇರಿಂಗ್‌ನ ಬೆಲೆ ಏನೂ ದೊಡ್ಡದಲ್ಲ. ಅದಕ್ಕೋಸ್ಕರ ಗೇರ್‌ಬಾಕ್ಸ್ ಮತ್ತೆ ಇಳಿಯಿತು, ಕೂಲಿ ಎರಡನೇ ಸಲ ಹೋಯಿತು. ಹಾಗಾಗಿ ಇಳಿಸಿದ ಮೇಲೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಹೊಸದು ಹಾಕಿಸಿ. ಪೈಲಟ್ ಬೇರಿಂಗ್ ಇದ್ದರೆ ಅದೂ. ಸ್ಲೇವ್ ಸಿಲಿಂಡರ್ ಒಳಗಿದ್ದರೆ ಅದೂ. ಎಂಜಿನ್ ಹಿಂದಿನ ಆಯಿಲ್ ಸೀಲ್ ಒದ್ದೆಯಾಗಿದೆಯಾ ನೋಡಿಸಿ. ಅಲ್ಲಿಂದ ಆಯಿಲ್ ಜಿನುಗಿದರೆ ಹೊಸ ಪ್ಲೇಟೂ ಜಾರತೊಡಗುತ್ತದೆ.

ದೊಡ್ಡ ಅಚ್ಚರಿ ಕಾದಿರುವುದು ಫ್ಲೈವೀಲ್‌ನಲ್ಲಿ, ಅಂದರೆ ಕ್ಲಚ್ ಕೂರುವ ಎಂಜಿನ್‌ನ ಭಾರದ ಚಕ್ರದಲ್ಲಿ. ಡೀಸೆಲ್ ಎಸ್‌ಯುವಿಗಳಲ್ಲಿ ಸಾಮಾನ್ಯವಾಗಿ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ. ಎರಡು ಚಕ್ರ, ನಡುವೆ ಸ್ಪ್ರಿಂಗ್. ಎಂಜಿನ್‌ನ ಅದುರು ಗೇರ್‌ಬಾಕ್ಸ್‌ಗೆ ತಲುಪದಿರಲಿ ಅಂತ. ಎಂಜಿನ್ ಆಫ್ ಮಾಡುವಾಗ ಗಡಗಡ ಸದ್ದು ಬಂದರೆ ಅದರ ಸ್ಪ್ರಿಂಗ್ ಸಡಿಲಾಗಿದೆ ಅಂತ ಅನುಮಾನಿಸಿ. ಇದರ ಬೆಲೆ ಕ್ಲಚ್ ಸೆಟ್ಟಿಗಿಂತ ಜಾಸ್ತಿ ಇರುವುದು ಮಾಮೂಲು. ಸಾದಾ ಫ್ಲೈವೀಲ್ ಆದರೆ ಮೇಲ್ಮೈ ಉಜ್ಜಿಸಿ ಮತ್ತೆ ಬಳಸಬಹುದು, ಇದನ್ನು ಸಾಮಾನ್ಯವಾಗಿ ಹಾಗೆ ಮಾಡಲಾಗದು. ಇದನ್ನು ತೆಗೆದು ಸಾದಾ ಫ್ಲೈವೀಲ್ ಹಾಕುವ ಕಿಟ್ ಸಿಗುತ್ತದೆ. ಖರ್ಚು ಉಳಿಯುತ್ತದೆ, ಅದುರು ಬರುತ್ತದೆ. ಗಾಡಿ ಇನ್ನೆರಡು ವರ್ಷಕ್ಕೆ ಮಾತ್ರ ಅಂದರೆ ಸರಿ. ಜಾಸ್ತಿ ದಿನ ಇಟ್ಟುಕೊಳ್ಳುವವರಿಗೆ ನಾನು ಹೇಳುವುದಿಲ್ಲ.

ಎರಡನ್ನೂ ತೂಗಿದರೆ

ಒಂದು ಸಲದ ಬಿಲ್ ನೋಡಿದರೆ ಆಟೋಮ್ಯಾಟಿಕ್‌ನ ಆಯಿಲ್ ಬದಲಾವಣೆ ಅಗ್ಗ. ಅರ್ಧ ದಿನದಲ್ಲಿ ಗಾಡಿ ಕೈಗೆ ಬರುತ್ತದೆ. ಕ್ಲಚ್ ಅಂದರೆ ಒಂದೆರಡು ದಿನ ಗಾಡಿ ಇಲ್ಲ, ಬಿಲ್ಲೂ ದೊಡ್ಡದು. ಕೆಟ್ಟ ದಿನದ ಲೆಕ್ಕ ಹಾಕಿದರೆ ತಕ್ಕಡಿ ತಿರುಗುತ್ತದೆ. ಆಟೋಮ್ಯಾಟಿಕ್ ಪೂರ್ತಿ ಕೈಕೊಟ್ಟರೆ ಅದರ ಒಳಗೆಲ್ಲ ಬಿಚ್ಚಿ ಕಟ್ಟಿಸುವ ಖರ್ಚು ಕ್ಲಚ್ ಕೆಲಸದ ಹಲವು ಪಟ್ಟು. ಹಳೆ ಗಾಡಿಯ ಬೆಲೆಯ ಹತ್ತಿರ ಹತ್ತಿರ ಹೋದರೂ ಅಚ್ಚರಿಯಿಲ್ಲ. ಜೊತೆಗೆ ಆ ಕೆಲಸ ಸರಿಯಾಗಿ ಬಲ್ಲವರು ಎಲ್ಲ ಕಡೆ ಸಿಗುವುದಿಲ್ಲ. ಕ್ಲಚ್ ಬದಲಿಸಲು ಬಾರದ ಗ್ಯಾರೇಜ್ ಹುಡುಕುವುದೇ ಕಷ್ಟ.

ಆಯಿಲ್ ಬದಲಿಸಿದ ದಾಖಲೆ ಇರುವ, ಗೇರ್ ನಯವಾಗಿ ಬೀಳುವ ಆಟೋಮ್ಯಾಟಿಕ್ ಸಿಕ್ಕರೆ, ಓಡಾಟ ಜಾಸ್ತಿ ಟ್ರಾಫಿಕ್‌ನಲ್ಲೇ ಇದ್ದರೆ, ನಾನು ಅದನ್ನೇ ಆರಿಸುತ್ತೇನೆ. ಆ ಓಡಾಟದಲ್ಲಿ ಕ್ಲಚ್ಚೂ ಬೇಗ ಸವೆಯುತ್ತದೆ, ಮೊಣಕಾಲೂ ಸವೆಯುತ್ತದೆ. ದಾಖಲೆ ಇಲ್ಲದ, ಒಂದೂವರೆ ಲಕ್ಷ ದಾಟಿದ ಆಟೋಮ್ಯಾಟಿಕ್‌ಗಿಂತ ಕ್ಲಚ್ ಮುಗಿಯುತ್ತಾ ಬಂದಿರುವ ಮ್ಯಾನುವಲ್ ವಾಸಿ. ಕ್ಲಚ್ಚಿನ ಖರ್ಚು ಎಷ್ಟು ಅಂತ ಇವತ್ತೇ ಗೊತ್ತು, ಬೆಲೆಯಲ್ಲಿ ಕಡಿಮೆ ಮಾಡಿಸಿಕೊಳ್ಳಬಹುದು. ಫ್ಲೈವೀಲ್ ಸೇರಿಸಿಯೇ ಚೌಕಾಸಿ ಮಾಡಿ.

ಆಟೋಮ್ಯಾಟಿಕ್ ನೋಡಲು ಹೋದಾಗ ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿಡಿ. ನೀವು ಹೋಗುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಏನೋ ಇದೆ. ಬ್ರೇಕ್ ಹಿಡಿದು ಡಿ, ಆಮೇಲೆ ಆರ್ ಹಾಕಿ. ಒಂದು ಸೆಕೆಂಡಿನೊಳಗೆ ಮೆಲ್ಲಗೆ ಹಿಡಿಯಬೇಕು. ಎರಡು ಸೆಕೆಂಡ್ ಯೋಚಿಸಿ ಆಮೇಲೆ ಧಡ್ ಅಂತ ಹಿಡಿದರೆ ಹುಷಾರು. ಗಾಡಿ ಬಿಸಿಯಾದ ಮೇಲೆ 60ರಿಂದ 80ರ ವೇಗದಲ್ಲಿ ಆಕ್ಸಿಲರೇಟರ್ ಅಲ್ಪ ಒತ್ತಿಕೊಂಡು ಹೋಗಿ. ರಸ್ತೆ ಚೆನ್ನಾಗಿದ್ದರೂ ಸಾಲು ಸಾಲು ಸಣ್ಣ ಉಬ್ಬಿನ ಮೇಲೆ ಹೋದ ಹಾಗೆ ಅದುರಿದರೆ ಟಾರ್ಕ್ ಕನ್ವರ್ಟರ್‌ನ ಲಾಕಪ್ ಕ್ಲಚ್ ಸರಿಯಾಗಿ ಹಿಡಿಯುತ್ತಿಲ್ಲ. ಇದು ಹೊಸ ಆಯಿಲ್‌ಗೆ ಕೆಲವೊಮ್ಮೆ ಸರಿಹೋಗುತ್ತದೆ, ಕೆಲವೊಮ್ಮೆ ಇಲ್ಲ. ಡಿಪ್‌ಸ್ಟಿಕ್ ಇದ್ದರೆ ಆಯಿಲ್ ಮೂಸಿ ನೋಡಿ. ಕಂದು ಬಣ್ಣ ಇದ್ದರೂ ಪರವಾಗಿಲ್ಲ, ಸುಟ್ಟ ವಾಸನೆ ಇರಬಾರದು. ಗುಲಾಬಿ ಹಾಲಿನ ಹಾಗೆ ಕಂಡರೆ ವಾಪಸ್ ಬನ್ನಿ, ರೇಡಿಯೇಟರ್‌ನ ಕೂಲಂಟ್ ಗೇರ್‌ಬಾಕ್ಸ್‌ಗೆ ಸೇರಿದೆ. 2005ರಿಂದ 2010ರ ನಿಸ್ಸಾನ್ ಪಾತ್‌ಫೈಂಡರ್, ಎಕ್ಸ್‌ಟೆರಾಗಳಲ್ಲಿ ಇದು ಹೆಸರುವಾಸಿಯಾದ ತೊಂದರೆ.

ಎರಡರಲ್ಲಿ ಯಾವುದನ್ನು ಮಾಡಿಸಿದರೂ ಮೊದಲ ಕೆಲವು ದಿನ ಸ್ವಲ್ಪ ನಿಧಾನ ಇರಲಿ. ಹೊಸ ಕ್ಲಚ್ ಕೂರಲು ಕೆಲವು ನೂರು ಕಿಲೋಮೀಟರ್ ಬೇಕು, ಅಲ್ಲಿಯವರೆಗೆ ಭಾರ ಎಳೆಯಬೇಡಿ, ಏರಿನಲ್ಲಿ ಆಟ ಬೇಡ. ಆಟೋಮ್ಯಾಟಿಕ್‌ನಲ್ಲಿ ಹೊಸ ಆಯಿಲ್ ಹಾಕಿದ ಮೇಲೆ ಗೇರ್ ಬೀಳುವ ರೀತಿ ಒಂದೆರಡು ದಿನ ಬೇರೆ ಅನ್ನಿಸಬಹುದು, ಕಂಪ್ಯೂಟರ್ ಹೊಸ ಹಿಡಿತಕ್ಕೆ ಒಗ್ಗಿಕೊಳ್ಳುತ್ತಿರುತ್ತದೆ. ವಾರ ಬಿಟ್ಟು ಕೆಳಗೆ ಬಗ್ಗಿ ಪ್ಯಾನ್ ಅಂಚು ಒದ್ದೆಯಾಗಿದೆಯಾ ನೋಡಿ. ಪ್ಯಾನ್ ಬಿಚ್ಚಿದ್ದ ದಿನ ಮ್ಯಾಗ್ನೆಟ್‌ಗಳ ಒಂದು ಫೋಟೋ ತೆಗೆದು, ಕಿಲೋಮೀಟರ್ ಬರೆದಿಟ್ಟುಕೊಂಡಿರಿ. ಮುಂದಿನ ಸಲ ಬಿಚ್ಚಿದಾಗ ಪಕ್ಕದಲ್ಲಿಟ್ಟು ನೋಡಲು ಬೇಕಾಗುತ್ತದೆ.